ಕಾದರೆ ಒಂದು, ಕುಟ್ಟಿದರೆ ಒಂದು

ನಾನು ಒಂದು ಯಂತ್ರ. ಕೆಟ್ಟ ಯಂತ್ರವಲ್ಲ. ಇದನ್ನು ಮೊದಲೇ ಹೇಳಿಬಿಡಬೇಕಾಗಿದೆ, ಏಕೆಂದರೆ ನನ್ನ ಹೊಟ್ಟೆಯ ಮೇಲೆ ಅಂಟಿಸಿರುವ ಚೀಟಿಯ ದಪ್ಪಕ್ಷರ ಬೇರೆಯೇ ಹೇಳುತ್ತದೆ: ‘ಯಂತ್ರ ಕೆಟ್ಟಿದೆ. ಇದರ ಅಂಕಿ ನಂಬಬೇಡಿ.’ ವರ್ಷಗಟ್ಟಲೆ ಹತ್ತಿರ ಬಂದವರೆಲ್ಲ ಅದನ್ನು ಓದಿದರು, ಓದಿ ತಲೆಯಾಡಿಸಿದರು, ಹೋದರು. ಹೌದೇ ಎಂದು ನನ್ನನ್ನು ಕೇಳಿದವರು ಒಬ್ಬರೂ ಇಲ್ಲ. ನೀವು ಸಿಕ್ಕಿದ್ದೀರಿ, ಕೂತು ಕೇಳಿ.

ನನ್ನ ಕೆಲಸ ಬಹಳ ಸರಳ. ನನ್ನ ಎದೆಯೊಳಗೆ ಉಕ್ಕಿನ ಒಂದು ಕೊಳವೆ ಇದೆ, ಕೆಲಸದ ಹೊತ್ತಿನಲ್ಲಿ ಅದು ಬಿಸಿಯಾಗಿರುತ್ತದೆ. ಅದರೊಳಗೆ ಪ್ಲಾಸ್ಟಿಕ್ಕಿನ ಕಾಳು ಸುರಿಯುತ್ತಾರೆ. ಕಾಳು ಕರಗುತ್ತದೆ. ಮೇಲಿನಿಂದ ಒಂದು ಸರಳು ಇಳಿಬಿಟ್ಟು, ಸರಳಿನ ತಲೆಯ ಮೇಲೆ ತೂಕದ ಗುಂಡು ಇಡುತ್ತಾರೆ. ಕೊಳವೆಯ ಅಡಿಯಲ್ಲಿರುವ ಸಣ್ಣ ತೂತಿನಿಂದ ಕರಗಿದ ಪ್ಲಾಸ್ಟಿಕ್ ಎಳೆಯಾಗಿ ಇಳಿಯುತ್ತದೆ. ಗೊತ್ತಾದ ಹೊತ್ತಿನಲ್ಲಿ ಎಷ್ಟು ಗ್ರಾಂ ಇಳಿಯಿತು ಎಂಬುದೇ ನಾನು ಕೊಡುವ ಅಂಕಿ. ಅಂಕಿ ದೊಡ್ಡದಾದರೆ ಮಾಲು ಸಲೀಸಾಗಿ ಹರಿಯುತ್ತದೆ ಎಂದರ್ಥ, ಸಣ್ಣದಾದರೆ ಬಿಗಿ. ಇದರಲ್ಲಿ ಸುಳ್ಳು ಹೇಳಲು ಜಾಗವೆಲ್ಲಿದೆ, ನೀವೇ ಹೇಳಿ.

ನಾನು ಹುಟ್ಟಿದ್ದು ಬೆಂಗಳೂರಿನ ಪೀಣ್ಯದಲ್ಲಿ, ತಗಡಿನ ಸೂರಿನ ಒಂದು ವರ್ಕ್‌ಶಾಪಿನಲ್ಲಿ. ನನ್ನ ಕೊಳವೆಯನ್ನು ಕೊರೆದವನು ಪಿಳ್ಳಪ್ಪ ಎಂಬ ಮೇಸ್ತ್ರಿ. ಕೊರೆದ ಮೇಲೂ ಬಿಡದೆ, ಎಣ್ಣೆ ಬಟ್ಟೆ ಹಿಡಿದು ಒಳಮೈಯನ್ನು ಉಜ್ಜಿದ್ದೇ ಉಜ್ಜಿದ್ದು. ವರ್ಕ್‌ಶಾಪಿನ ಯಜಮಾನ ಬಂದು, ಸಾಕು ಬಿಡಯ್ಯ, ಎಷ್ಟು ದಿನ ಇದನ್ನೇ ಇಟ್ಕೊಂಡು ಕೂತಿರ್ತೀಯ ಎಂದು ಗದರಿದ. ಪಿಳ್ಳಪ್ಪ ತಲೆಯೆತ್ತಲಿಲ್ಲ.

“ಒಳ್ಗಡೆ ಒಂದ್ ಗೀರು ಉಳುದ್ರೂ ಇದು ಸುಳ್ ಹೇಳ್ತದೆ ಸಾರ್. ನಾಳೆ ಯಾರೋ ಇದರ ಮಾತ್ ನಂಬ್ಕೊಂಡು ಏನೋ ಮಾಡ್ತಾರೆ. ಆಮೇಲೆ ಏನಾದ್ರೂ ಆದ್ರೆ?”

ನಾನು ಮೊದಲು ಕೇಳಿಸಿಕೊಂಡ ಮಾತು ಅದು. ಅಂಥ ಕೈಯಿಂದ ಹುಟ್ಟಿಬಂದ ನನಗೆ ಕೊನೆಗೆ ಸಿಕ್ಕ ಬಿರುದು ‘ನಂಬಬೇಡಿ’! ಪಿಳ್ಳಪ್ಪ ಈ ಚೀಟಿ ನೋಡಿದ್ದರೆ ಅಂಟಿಸಿದವರ ಕೆನ್ನೆಗೆ ಎರಡು ಬಿಗಿಯುತ್ತಿದ್ದ.

ನನ್ನ ಮೊದಲ ಮನೆ ಹುಬ್ಬಳ್ಳಿಯ ಹತ್ತಿರದ ತಾರಿಹಾಳದ ಒಂದು ಪೈಪ್ ಕಾರ್ಖಾನೆ. ಅಲ್ಲಿ ನನ್ನನ್ನು ನೋಡಿಕೊಂಡವರು ಇಮಾಮಸಾಬ ನದಾಫ. ಎಳೆ ಇಳಿಯುವುದನ್ನು ನೋಡಿ ಅವರು ನನಗೆ ‘ಶಾವಿಗಿ ಮಷಿನ್’ ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಪಿಳ್ಳಪ್ಪ ಅಷ್ಟು ಉಜ್ಜಿದ್ದು ಶಾವಿಗೆ ಹೊಸೆಯಲಿಕ್ಕೇನು? ಆದರೆ ಮನುಷ್ಯ ಒಳ್ಳೆಯವರು. ಪ್ರತಿ ಸಲ ಕೆಲಸ ಮುಗಿದ ಕೂಡಲೇ, ನಾನು ಬಿಸಿಯಾಗಿರುವಾಗಲೇ, ಅರಿವೆ ಸುತ್ತಿದ ಕಡ್ಡಿ ಹಾಕಿ ಒಳಗೆಲ್ಲ ಒರೆಸುತ್ತಿದ್ದರು. ಕೈ ಸುಟ್ಟುಕೊಂಡರೂ ಬೈದದ್ದು ನನ್ನನ್ನಲ್ಲ.

ಅಲ್ಲಿ ಬರುತ್ತಿದ್ದುದು ಬರೀ ಪ್ಲಾಸ್ಟಿಕ್. ಅದರಲ್ಲಿ ಬೇರೆ ಏನೂ ಬೆರೆತಿರುತ್ತಿರಲಿಲ್ಲ. ಇಮಾಮಸಾಬರು ಹಾಕಿದರೂ ಅದೇ ಅಂಕಿ, ಅವರು ರಜೆ ಹಾಕಿದ ದಿನ ಬೇರೆಯವರು ಹಾಕಿದರೂ ಅದೇ ಅಂಕಿ. ಆಗ ನನ್ನ ಮಾತೆಂದರೆ ಮಾತು. ನಾನು ಬೇಡವೆಂದ ಚೀಲ ಅಂಗಳದಲ್ಲೇ ಉಳಿಯುತ್ತಿತ್ತು. ಆ ಗೌರವ ಎಂದೆಂದಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಪೈಪ್ ಕಾರ್ಖಾನೆ ಬೇರೆ ಊರಿಗೆ ಹೋಯಿತು. ಹೋಗುವಾಗ ಹೊಸ ಯಂತ್ರಗಳನ್ನು ಕೊಂಡವರು ನನ್ನನ್ನು ಪಕ್ಕದ ರಸ್ತೆಯ ಟ್ಯಾಂಕ್ ಕಾರ್ಖಾನೆಗೆ ಕೊಟ್ಟರು. ಮನೆಗಳ ಮಾಳಿಗೆ ಮೇಲೆ ನೀರಿನ ಕಪ್ಪು ಟ್ಯಾಂಕುಗಳಿರುತ್ತವಲ್ಲ, ಅವು ಅಲ್ಲಿ ತಯಾರಾಗುತ್ತಿದ್ದವು. ಮಾಲಕರು ಜಿನದತ್ತ ಉಗಾರೆ. ತಯಾರಿಕೆ ನೋಡಿಕೊಳ್ಳುವ ಮ್ಯಾನೇಜರ್ ವಸಂತ ಕಟಗೇರಿ, ಅಗಲ ಭುಜದ, ಯಾವಾಗಲೂ ಅವಸರದ ಮನುಷ್ಯ. ಲ್ಯಾಬಿಗೆ ಒಬ್ಬಳೇ ಕೆಮಿಸ್ಟ್, ನೀಲಾಂಬಿಕಾ ಬಾಳಿಕಾಯಿ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದ್ದಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ನೀಲಾಂಬಿಕಾ ನನ್ನನ್ನು ಶಾವಿಗಿ ಮಷಿನ್ ಎಂದು ಕರೆಯಲಿಲ್ಲ. ಮೊದಲ ವರ್ಷದ ದಸರೆಯ ಖಂಡೇ ಪೂಜೆಗೆ ಎಲ್ಲರೂ ದೊಡ್ಡ ಒಲೆಗೆ, ಟೆಂಪೋಕ್ಕೆ, ಜನರೇಟರಿಗೆ ಕುಂಬಳಕಾಯಿ ಒಡೆಯುತ್ತಿದ್ದಾಗ ಅವಳು ಒಬ್ಬಳೇ ಲ್ಯಾಬಿಗೆ ಬಂದು ನನ್ನ ಒಂದೊಂದು ತೂಕದ ಗುಂಡಿಗೂ ವಿಭೂತಿ ಎಳೆದಳು. ಮರುದಿನ ನನ್ನ ತಲೆಯ ಮೇಲೆ ಬನ್ನಿ ಎಲೆ ಇಟ್ಟು, “ನಾನೂ ನೀನೂ ಬಂಗಾರದಂಗ ಇರೂಣು,” ಎಂದಳು. ನಾನು ಅದನ್ನು ನಂಬಿದೆ. ಯಾಕೆ ನಂಬಬಾರದು? ನಂಬಿಕೆಯೇ ನನ್ನ ಕಸುಬು.

ಆಮೇಲೆ ಆ ಪುಡಿ ಬಂತು.

ಅದನ್ನು ತಂದವನು ಇಸ್ತ್ರಿ ಗೆರೆ ಮುರಿಯದ ಅಂಗಿಯ ಒಬ್ಬ ಮಾರಾಟಗಾರ. ಪ್ಲಾಸ್ಟಿಕ್ಕಿನಲ್ಲಿ ಅದನ್ನು ಚೂರೇ ಚೂರು ಬೆರೆಸಿದರೆ ಸಾಕು, ಟ್ಯಾಂಕಿನ ಗೋಡೆ ತೆಳ್ಳಗಿದ್ದರೂ ಗಟ್ಟಿಯಾಗುತ್ತದೆ, ಬಿಸಿಲು ತಡೆಯುತ್ತದೆ ಎಂದ. ಹೆಸರು ನ್ಯಾನೊ ಜೇಡಿ. ನೋಡಲಿಕ್ಕೆ ಮುಖಕ್ಕೆ ಹಚ್ಚುವ ಪೌಡರಿನಂತೆ. ಅದರ ಒಂದೊಂದು ಕಣವೂ ಒಂದು ಹಾಳೆಯಂತೆ. ತಲೆಗೂದಲಿನ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಆ ಹಾಳೆಯ ದಪ್ಪ ಅಷ್ಟು. ಅದು ಸುಳ್ಳು ಪುಡಿಯೇನಲ್ಲ, ಒಳ್ಳೆಯ ಪುಡಿಯೇ. ಯಾವ ಕೆಲಸಕ್ಕೆ ಒಳ್ಳೆಯದು ಎಂಬುದನ್ನು ಮಾತ್ರ ಆತ ಹೇಳಲಿಲ್ಲ, ಇವರು ಕೇಳಲಿಲ್ಲ.

ಪುಡಿ ಬೆರೆಸಿದ ಮಾಲನ್ನು ನೀಲಾಂಬಿಕಾ ನನ್ನೊಳಗೆ ಹಾಕಿದಳು. ಅವಳ ಪದ್ಧತಿ ಬದಲಾಗುತ್ತಿರಲಿಲ್ಲ. ಕಾಳು ತುಂಬಿ, ಮೆಲ್ಲಗೆ ಅದುಮಿ, ಕರಗುವ ತನಕ ಸುಮ್ಮನೆ ಕಾಯುವುದು. ಆಮೇಲೆ ಗುಂಡು ಇಡುವುದು. ಎಳೆ ಇಳಿಯಬೇಕಲ್ಲ? ಇಳಿಯಲೇ ಇಲ್ಲ. ಇಳಿದರೂ ಒಂದು ಮೊಂಡು ತುದಿ ಹೊರಬಂದು ಅಲ್ಲೇ ನಿಂತಿತು. ನಾಲ್ಕರ ಸುತ್ತ ಇರಬೇಕಾದ ಅಂಕಿ ಒಂದಕ್ಕಿಂತ ಕೆಳಗೆ ಬಂತು.

ನನ್ನೊಳಗೆ ಏನಾಗುತ್ತಿತ್ತೆಂದು ನನಗೆ ಗೊತ್ತು, ಆ ಮಾಲು ನನ್ನ ಎದೆಯಲ್ಲೇ ಕೂತಿತ್ತು. ಸುಮ್ಮನೆ ಬಿಟ್ಟರೆ ಆ ಜೇಡಿಯ ಹಾಳೆಗಳು ಒಂದರ ಅಂಚಿಗೆ ಒಂದು ತಾಗಿ, ಕರಗಿದ ಪ್ಲಾಸ್ಟಿಕ್ಕಿನ ತುಂಬ ಒಂದು ಹೆಣಿಗೆ ಕಟ್ಟಿಕೊಳ್ಳುತ್ತವೆ. ಚಿಟಿಕೆ ಪುಡಿ ಅಷ್ಟೂ ಮಾಲನ್ನು ಹಿಡಿದು ನಿಲ್ಲಿಸುತ್ತದೆ. ಕರಗಿರುತ್ತದೆ, ಆದರೆ ಹರಿಯುವುದಿಲ್ಲ. ಜೋರಾಗಿ ಕದಡಿದಿರೋ, ಹೆಣಿಗೆ ಹರಿದು ಹಾಳೆಗಳೆಲ್ಲ ಹರಿಯುವ ದಿಕ್ಕಿಗೇ ಮಲಗುತ್ತವೆ, ಮಾಲು ಏನೂ ಆಗದವರ ಹಾಗೆ ಸರಸರ ಇಳಿಯುತ್ತದೆ. ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ.

ನೀಲಾಂಬಿಕಾ ಎರಡು ಮೂರು ಸಲ ನೋಡಿದಳು, ಅಷ್ಟೇ ಬಂತು. ಕಟಗೇರಿಗೆ ಹೇಳಿ ಕಳಿಸಿದಳು. ಕಟಗೇರಿ ಬಂದವನೇ ಅಂಗಿಯ ತೋಳು ಮಡಚಿದ.

“ಎಷ್ಟೊತ್ತ ಕಾಯ್ತೀರಿ ಮೇಡಮ್ಮರ ಇದಕ? ಮದುವಿಗೆ ಹೆಣ್ಣ ನೋಡಾಕ ಬಂದೀರೇನ? ಸರೀರಿ ಅತ್ಲಾಗ.”

ಅದೇ ಚೀಲದ ಕಾಳನ್ನು ನನ್ನೊಳಗೆ ಸುರಿದ. ಸರಳು ಹಿಡಿದು ಒಣಮೆಣಸಿನಕಾಯಿ ಕುಟ್ಟುವ ಹಾಗೆ ಮೇಲೆ ಕೆಳಗೆ ಕುಟ್ಟಿದ. ಕಾಯುವ ಮಾತೇ ಇಲ್ಲ. ಭುಜದ ಭಾರವನ್ನೆಲ್ಲ ಹಾಕಿ ಅಮುಕಿ, ಮರುಕ್ಷಣ ಗುಂಡು ಇಟ್ಟ. ಎಳೆ ಇಳಿಯಿತು. ಅಂಕಿ ನಾಲ್ಕರ ಹತ್ತಿರ ಬಂತು.

“ಬಂತಲ್ಲ! ಮಷಿನಿಗೆ ಕೈ ಗೊತ್ತಾಗ್ತೈತಿ ನೋಡ್ರಿ,” ಎಂದು ನಕ್ಕ.

ಕೈ ಗೊತ್ತಾಗುತ್ತದಂತೆ! ನನಗೆ ಗೊತ್ತಾದದ್ದು ಒಂದೇ, ನನ್ನ ಪಕ್ಕೆಲುಬು ಮುರಿಯುವಷ್ಟು ಒದ್ದಾಡಿಸಿದ್ದಾರೆ ಎಂದು. ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ. ಕಾದು ಕೇಳಿದಳು, ಸುಮ್ಮನಿದ್ದ ಮಾಲಿನ ಉತ್ತರ ಕೊಟ್ಟೆ. ಕುಟ್ಟಿ ಕೇಳಿದ, ಕುಟ್ಟಿದ ಮಾಲಿನ ಉತ್ತರ ಕೊಟ್ಟೆ. ಎರಡರಲ್ಲಿ ಸುಳ್ಳು ಯಾವುದು? ಯಾವುದೂ ಅಲ್ಲ. ಆದರೆ ಮನುಷ್ಯರಿಗೆ ಎರಡು ಉತ್ತರ ಬಂದರೆ ಒಂದನ್ನು ಸುಳ್ಳು ಮಾಡದೆ ನಿದ್ದೆ ಬರುವುದಿಲ್ಲ.

ನೀಲಾಂಬಿಕಾ ಮಾತ್ರ ಅರ್ಥ ಮಾಡಿಕೊಂಡಳು. ಅವಳು ಓದಿದ್ದೇ ಅದು.

“ಸಾಹೇಬ್ರ, ಟ್ಯಾಂಕಿನ ಅಚ್ಚಿನಾಗ ಯಾರ್ ಕುಟ್ತಾರ? ಅಚ್ಚು ಒಲಿಯೊಳಗ ಸಾವಕಾಶ ಉರುಳ್ತದ, ಪ್ಲಾಸ್ಟಿಕ್ಕಿನ ಪುಡಿ ತನ್ನಷ್ಟಕ್ಕ ತಾನ ಕರಗಿ ಒಂದಕ್ಕೊಂದು ಕೂಡಬೇಕು. ಈ ಮಾಲು ಕೂಡಂಗಿಲ್ರಿ. ನಡುವ ಗಾಳಿ ಉಳೀತದ. ಟ್ಯಾಂಕಿಗೆ ಇದು ಬ್ಯಾಡ.”

ಕಟಗೇರಿ ಮೂರ್ಖನಲ್ಲ. ಅವನು ಒಂದು ಮುಚ್ಚಳ ತಂದು ನನ್ನ ಪಕ್ಕದಲ್ಲಿಟ್ಟ. ಟ್ಯಾಂಕಿನ ಮುಚ್ಚಳಗಳನ್ನು ಬೇರೆ ಯಂತ್ರದಲ್ಲಿ, ಕರಗಿದ ಮಾಲನ್ನು ಜೋರಾಗಿ ಅಚ್ಚಿಗೆ ತಳ್ಳಿ ಮಾಡುತ್ತಿದ್ದರು. ಹೊಸ ಮಾಲಿನಿಂದ ಆ ಮುಚ್ಚಳ ಬಹಳ ಚೆನ್ನಾಗಿ ಬಂದಿತ್ತು.

“ಇದನ್ ನೋಡ್ರಿ, ಕನ್ನಡಿ ಆಗೈತಿ. ಅದ ಮಾಲು, ಅದ ಪುಡಿ. ಮುಚ್ಚಳಕ್ಕ ಹರದದ್ದು ಟ್ಯಾಂಕಿಗ್ಯಾಕ ಹರಿಯಂಗಿಲ್ಲ?”

“ಮುಚ್ಚಳದ ಮಷಿನ್ ನಿಮ್ಮಂಗ ತಳ್ತೈತ್ರಿ. ಟ್ಯಾಂಕಿನ ಅಚ್ಚು ನನ್ನಂಗ ಕಾಯ್ತೈತಿ.”

ಇಷ್ಟು ಚೊಕ್ಕವಾಗಿ ಹೇಳಿದ ಮೇಲೆ ಇನ್ನೇನು ಬೇಕಿತ್ತು? ಆದರೆ ಕಣ್ಣೆದುರಿಗೆ ಹೊಳೆಯುವ ಮುಚ್ಚಳವಿತ್ತು. ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಟ್ಯಾಂಕು ಕೊಡುವ ದಿನ ಹತ್ತಿರ ಬಂದಿತ್ತು. ಉಗಾರೆಯವರು ಬಾಗಿಲಲ್ಲೇ ನಿಂತು ಎರಡೂ ಅಂಕಿ ಕೇಳಿದರು, ದೊಡ್ಡದನ್ನು ಇಟ್ಟುಕೊಂಡರು. ಅಂಗಡಿಯಲ್ಲಿ ಬದನೆಕಾಯಿ ಆರಿಸಿದಷ್ಟು ಹೊತ್ತೂ ಅವರಿಗೆ ಹಿಡಿಯಲಿಲ್ಲ.

ಟ್ಯಾಂಕುಗಳು ತಯಾರಾದವು, ಹೋದವು. ಮಳೆಗಾಲ ಶುರುವಾಗುವ ಮೊದಲೇ ಒಂದು ಟೆಂಪೋದಲ್ಲಿ ವಾಪಸು ಬಂದವು. ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಒಂದರ ಬುಡ ನೀರು ತುಂಬಿದ್ದಾಗಲೇ ಸೀಳಿತ್ತು. ಅಷ್ಟೂ ನೀರು ಮೆಟ್ಟಿಲ ಮೇಲೆ ನುಗ್ಗಿ, ಅನ್ನದ ಪಾತ್ರೆ ಹೊತ್ತು ಹತ್ತುತ್ತಿದ್ದ ಅಡುಗೆಯ ಹೆಂಗಸನ್ನು ಕೆಡವಿತ್ತು. ಅವಳ ಕಾಲು ಮುರಿದಿತ್ತು. ಉಳಿದ ಟ್ಯಾಂಕುಗಳು ಎಲ್ಲೆಲ್ಲೋ ಜಿನುಗುತ್ತಿದ್ದವು.

ನೀಲಾಂಬಿಕಾ ಅಂಗಳದಲ್ಲಿ ಒಂದು ಟ್ಯಾಂಕನ್ನು ಅಡ್ಡ ಮಲಗಿಸಿ ಒಳಗೆ ತಲೆ ಹಾಕಿ ನೋಡಿದಳು. ಲ್ಯಾಬಿನ ಕಿಟಕಿಯಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ. ಬಂದ ಮೇಲೆ ಹೇಳಿದಳು, ಒಳಗೋಡೆ ಗಿಲಾವು ಕಾಣದ ಗೋಡೆಯಂತೆ ತರಿತರಿಯಾಗಿದೆ, ಸೂಜಿ ಚುಚ್ಚಿದಂಥ ತೂತುಗಳಿಂದ ಬಿಸಿಲು ಒಳಗೆ ಬರುತ್ತಿದೆ ಎಂದು. ಕುಟ್ಟದೆ ಬಿಟ್ಟ ಮಾಲು ಕೂಡಿರಲಿಲ್ಲ. ನಾನು ಹೇಳಿದ್ದು ಅದನ್ನೇ ಅಲ್ಲವೇ? ಒಂದಕ್ಕಿಂತ ಕೆಳಗಿನ ಆ ಅಂಕಿಗೆ ಬೇರೆ ಯಾವ ಅರ್ಥವಿತ್ತು?

ಹಾಸ್ಟೆಲ್ಲಿನ ಇಲಾಖೆಯಿಂದ ಎಂಜಿನಿಯರ್ ತನಿಖೆಗೆ ಬರುವವರಿದ್ದರು. ಉಗಾರೆಯವರು ಕಟಗೇರಿಯನ್ನೂ ನೀಲಾಂಬಿಕಾಳನ್ನೂ ಲ್ಯಾಬಿಗೆ ಕರೆಸಿ, ನನ್ನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತರು.

“ಅವರಿಗೆ ಒಂದು ಕಾರಣ ಬೇಕು. ಮಾಲು ಸರಿ ಇರಲಿಲ್ಲ ಅಂದ್ರ ತಗೊಂಡಾಂವ ನಾನು. ಕಟಗೇರಿ ತಪ್ಪು ಅಂದ್ರ ಇಷ್ಟ ವರ್ಷ ದುಡದ ಮನಶಾ. ಮಷಿನ್ ಕೆಟ್ಟಿತ್ತು, ತಪ್ಪು ಅಂಕಿ ಕೊಡ್ತು ಅಂದ್ರ ಯಾರಿಗೂ ನೋವಿಲ್ಲ.”

ಯಾರಿಗೂ ನೋವಿಲ್ಲ! ನಾನು ಅಲ್ಲೇ ಇದ್ದೆ. ಅವರ ಮೊಣಕಾಲು ನನಗೆ ತಾಗುತ್ತಿತ್ತು.

ಮೊದಲ ದಿನ ನೀಲಾಂಬಿಕಾ ಒಪ್ಪಲಿಲ್ಲ. “ಮಷಿನ್ ಖರೇನ ಹೇಳೇತ್ರಿ. ಎರಡೂ ಸಲ ಖರೇನ ಹೇಳೇತಿ. ನಾ ಹೆಂಗ ಕೆಟ್ಟೈತಿ ಅನ್ನಲಿ?” ಎಂದಳು. ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಬನ್ನಿ ಎಲೆಯ ಮಾತು ಉಳಿಯಿತು ಎಂದುಕೊಂಡೆ.

ಆಮೇಲೆ ಶುರುವಾಯಿತು. ದಿನಾ ಒಂದು ಸಲ ಉಗಾರೆಯವರು ಬರುತ್ತಿದ್ದರು. ಗದರಲಿಲ್ಲ, ಬೈಯಲಿಲ್ಲ. ನೌಕರಿ ಈ ವರ್ಷ ಕಾಯಂ ಆಗೂದೈತಿ ಅಲ್ಲವ್ವ ಎಂದರು. ಇನ್ನೊಂದು ದಿನ, ಟ್ಯಾಂಕು ಸೀಳಿದ ಕಾರ್ಖಾನೆಯಿಂದ ಹೊರಬಿದ್ದ ಕೆಮಿಸ್ಟನ್ನ ಯಾರ್ ತಗೋತಾರ ಎಂದರು. ಕಟಗೇರಿ ಬಂದು, ನನಗ ಇಬ್ಬರು ಹೆಣ್ಣಮಕ್ಕಳದಾರ ನೀಲಕ್ಕ ಎಂದು ಗೋಡೆಗೆ ಮುಖ ಮಾಡಿ ನಿಂತ. ಅದು ನಿಜವೇ ಇರಬಹುದು. ಹಾಸ್ಟೆಲ್ಲಿನಲ್ಲೂ ಹೆಣ್ಣುಮಕ್ಕಳಿದ್ದರು ಎಂದು ಅವನಿಗೆ ಹೇಳುವವರಿರಲಿಲ್ಲ. ನನಗೆ ಬಾಯಿಲ್ಲ. ಇರುವುದು ಒಂದು ತೂತು, ಅದರಲ್ಲಿ ಅವರು ಹಾಕಿದ್ದು ಮಾತ್ರ ಹೊರಬರುತ್ತದೆ.

ಎಂಜಿನಿಯರ್ ಬರುವ ದಿನ ಬೆಳಗ್ಗೆ ನೀಲಾಂಬಿಕಾ ಒಂದು ಬಿಳಿ ಚೀಟಿಯ ಮೇಲೆ ದಪ್ಪ ಪೆನ್ನಿನಿಂದ ಬರೆದಳು. ಅಂಟು ಹಚ್ಚಿದಳು. ವಿಭೂತಿ ಎಳೆದ ಅದೇ ಬೆರಳುಗಳಿಂದ ನನ್ನ ಹೊಟ್ಟೆಯ ಮೇಲೆ ಒತ್ತಿ ಅಂಟಿಸಿದಳು. ಎಂಜಿನಿಯರ್ ಬಂದು ಓದಿದರು, ನನ್ನ ತಲೆ ತಟ್ಟಿದರು, “ಹಳೇ ಮಷಿನ್ ಇಟಗೊಂಡ್ರ ಹಿಂಗ ಆಗ್ತದ,” ಎಂದರು. ಚಹಾ ಕುಡಿದು ಹೋದರು. ಯಾರೂ ನನ್ನೊಳಗೆ ಒಂದು ಕಾಳು ಹಾಕಿ ನೋಡಲಿಲ್ಲ.

ಅವಳ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಕಟಗೇರಿಗೆ ನಾನು ಏನೂ ಅಲ್ಲ, ಉಗಾರೆಯವರಿಗೆ ಒಂದು ಡಬ್ಬ. ಅವರು ಅಂದರೆ ಅನ್ನಲಿ. ಇವಳಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದು, ತನ್ನ ಕೈಯಾರೆ ನನ್ನ ಮಾನ ಕಳೆದಳು. ಅಂದು ಸಂಜೆ ಸ್ವಿಚ್ ಆರಿಸುವಾಗ ಅವಳು ನನ್ನ ಕಡೆ ನೋಡಲಿಲ್ಲ. ನನಗೂ ಅವಳ ಮುಖ ನೋಡುವುದು ಬೇಕಿರಲಿಲ್ಲ.

ಕೆಟ್ಟ ಯಂತ್ರವೆಂದು ಹೆಸರಾದ ಮೇಲೆ ಕಾರ್ಖಾನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಗುಜರಿಯವನು ಬಂದು ನನ್ನನ್ನು ಒಯ್ದ. ಅಲ್ಲಿ ಸೈಕಲ್ ಚೌಕಟ್ಟುಗಳ, ತುಕ್ಕು ಹಿಡಿದ ಪಂಪುಗಳ ನಡುವೆ ಬಿಸಿಲು ಮಳೆ ತಿಂದೆ. ಚೀಟಿ ಉದುರಿ ಹೋಗಲಿ ಎಂದು ಆಸೆಪಟ್ಟೆ. ನೋಡಿ ನನ್ನ ಹಣೆಬರಹ, ನನ್ನ ಬಣ್ಣ ಎದ್ದುಬಂತು, ಅದು ಏಳಲಿಲ್ಲ. ಒಂದು ದಿನ ಹಾವೇರಿ ಕಡೆಯ ಒಂದು ಪಾಲಿಟೆಕ್ನಿಕ್ಕಿನವರು ಮಕ್ಕಳಿಗೆ ತೋರಿಸಲಿಕ್ಕಾಯಿತು ಎಂದು ನನ್ನನ್ನು ಕೊಂಡು ತಂದರು.

ಇದೇ ಈಗಿನ ನನ್ನ ಮೂಲೆ. ಪಕ್ಕದಲ್ಲಿ ನೀರಿನ ಫಿಲ್ಟರ್, ಮೇಲೆ ಜೇಡ. ಕಾಲೇಜಿನ ಮಕ್ಕಳು ನನ್ನೊಳಗೆ ಕಾಳು ಹಾಕುತ್ತಾರೆ, ಬಂದ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದರೆ ಚೀಟಿ ತೋರಿಸಿ ನಗುತ್ತಾರೆ. ಹೊಂದಿದರೆ, ಕೆಟ್ಟ ಮಷಿನ್ನಿನಾಗೂ ಸರಿ ತೆಗದೆ ನೋಡು ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಒಟ್ಟಿನಲ್ಲಿ ನನಗೆ ಮರ್ಯಾದೆಯಿಲ್ಲ.

ಹೋದ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕಿ ಬಂದರು. ತಲೆ ಅರ್ಧ ನರೆತಿತ್ತು, ಕನ್ನಡಕ ಬಂದಿತ್ತು. ಬೇರೆ ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರಂತೆ. ನನ್ನ ಮುಂದೆ ಬಂದು, ಚೀಟಿ ಓದಿ, ಹಾಗೆಯೇ ನಿಂತುಬಿಟ್ಟರು. ತನ್ನ ಅಕ್ಷರ ತನಗೆ ಗುರುತು ಸಿಗದೆ ಇರುತ್ತದೆಯೇ? ನೀಲಾಂಬಿಕಾ!

ಅವಳು ಉಗುರಿನಿಂದ ಚೀಟಿಯ ಅಂಚು ಕೆರೆದಳು. ಬರಲಿಲ್ಲ. ಇಷ್ಟು ವರ್ಷದ ಕಾವಿಗೆ ಅದು ನನ್ನ ಚರ್ಮಕ್ಕೆ ಬೆಂದು ಕೂತಿತ್ತು. ಕೆರೆಯುವುದನ್ನು ಬಿಟ್ಟು, ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಪರೀಕ್ಷೆಗೆಂದು ತಂದ ಮಾಲು, ಅದೇ ಜೇಡಿ ಬೆರೆಸಿದ್ದು. ಒಬ್ಬ ಹುಡುಗಿಗೆ ಕಾದು ಅಂಕಿ ತೆಗೆಯಲು ಹೇಳಿದಳು. ಇನ್ನೊಬ್ಬಳಿಗೆ ಕುಟ್ಟಿ ತೆಗೆಯಲು ಹೇಳಿದಳು. ನಾನು ಹಳೆಯ ಸಿಟ್ಟಿನಲ್ಲೇ ಇದ್ದೆ, ಆದರೂ ಸರಿಯಾಗಿ ಹೇಳಿದೆ. ಒಂದಕ್ಕಿಂತ ಕೆಳಗೆ ಒಂದು, ನಾಲ್ಕರ ಹತ್ತಿರ ಒಂದು. ಪಿಳ್ಳಪ್ಪ ಉಜ್ಜಿದ ಒಳಮೈ ಇನ್ನೂ ಹಾಗೇ ಇದೆ.

“ಮೇಡಂ, ಯಾವುದು ಖರೇರಿ? ಯಾವುದು ಬರೀಬೇಕು?” ಎಂದು ಹುಡುಗಿ ಕೇಳಿದಳು.

“ಎರಡೂ ಬರೀರಿ. ಹೆಂಗ ಕೇಳಿದ್ರಿ ಅದನ್ನೂ ಬರೀರಿ. ಯಾರ ಕೈಯಾಗ ಬಂತು, ಆ ಹೆಸರೂ ಬರೀರಿ.”

ಅದನ್ನು ಕೇಳುತ್ತ ನನಗೆ ಬೇಡವೆಂದರೂ ಒಂದು ಯೋಚನೆ ಬಂತು. ಸುಮ್ಮನೆ ಬಿಟ್ಟ ಮೊದಲ ದಿನ ಈ ಹೆಂಗಸು ಗಟ್ಟಿಯಾಗಿ ನಿಂತಿದ್ದಳು. ದಿನಾ ಬಂದು ಕುಟ್ಟಿದ ಮೇಲೆ ಅವರು ಹೇಳಿದ ಕಡೆಗೆ ಹರಿದಳು. ನಿಂತದ್ದೂ ಅವಳೇ, ಹರಿದದ್ದೂ ಅವಳೇ. ನಿಂತ ನೀಲಾಂಬಿಕಾ ಸುಳ್ಳಲ್ಲ ಎಂದು ನಾನಲ್ಲದೆ ಬೇರೆ ಯಾರು ಹೇಳಬೇಕು?

ಹಾಗೆಂದು ಕ್ಷಮಿಸಿಬಿಟ್ಟೆ ಎಂದುಕೊಳ್ಳಬೇಡಿ. ಇಲ್ಲ.

ಎಲ್ಲರೂ ಹೋದ ಮೇಲೆ ಅವಳು ಹಿಂದೆ ಉಳಿದಳು. ಅರಿವೆ ಸುತ್ತಿದ ಕಡ್ಡಿ ಹಾಕಿ, ಬಿಸಿ ಆರುವ ಮೊದಲೇ ನನ್ನೊಳಗನ್ನು ಒರೆಸಿದಳು. ಆಮೇಲೆ ಪೆನ್ನು ತೆಗೆದು, ಚೀಟಿಯ ಎರಡು ಸಾಲುಗಳ ಕೆಳಗೆ ಬರೆದಳು: ‘ಹೀಗೆಂದು ಬರೆದವಳು ನೀಲಾಂಬಿಕಾ ಬಾಳಿಕಾಯಿ. ಯಂತ್ರ ಸರಿಯಾಗಿತ್ತು.’

ಚೀಟಿ ಈಗಲೂ ನನ್ನ ಹೊಟ್ಟೆಯ ಮೇಲಿದೆ. ಬಂದವರು ಮೊದಲು ಮೇಲಿನ ಸಾಲು ಓದುತ್ತಾರೆ, ಆಮೇಲೆ ಕೆಳಗಿನದು ಓದುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಅವಳ ಹೆಸರಿನ ಕೆಳಗೆ ಇನ್ನೂ ಎರಡು ಹೆಸರು ಹಿಡಿಸುವಷ್ಟು ಜಾಗವಿದೆ. ಉಗಾರೆಯವರಾಗಲಿ ಕಟಗೇರಿಯಾಗಲಿ ಈ ಕಡೆ ಬಂದರೆ ಹೇಳಿ, ನಾನು ಇಲ್ಲೇ ಇದ್ದೇನೆ.